ರೈಫಲ್ ಒಳಗೆ ತೋಟೆ ಸಿಕ್ಕಾಕ್ಕೊಂಡ್ರೆ ಏನ್ ಮಾಡ್ಬೇಕು, ಎಲ್ಲಿಗೆ ಕೈ ಬಿಡ್ಬೇಕು

ಕೈಲ್ ಪೊಳ್ದ್, ಅಂದ್ರೆ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬದ ದಿನ ತೆಂಗಿನಕಾಯಿಗೆ ಈಡು ಹೊಡೆಯೋವಾಗ ಒಂದು ವರ್ಷ ನಡೆದಿದ್ದು. .22 ರೈಫಲ್, ಹುಡುಗ ಬೋಲ್ಟ್ (ತೋಟೆ ಒಳಗೆ ತಳ್ಳಿ ಹೊರಗೆ ಎಳೆಯೋ ಹಿಡಿಕೆಯ ಭಾಗ) ಎಳೆದ, ಬೋಲ್ಟ್ ಬಂತು ತೋಟೆ ಬರ್ಲಿಲ್ಲ, ಅವ್ನು ಸೀದಾ ಕೋವಿ ತಿರುಗ್ಸಿ ನಳಿಗೆ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಇಣುಕೋಕೆ ಹೋದ. "ಏ ಮಗಾ, ಆಚೆ ತಿರುಗ್ಸು ಅದನ್ನ" ಅಂತ ನಮ್ಮ ಚಿಕ್ಕಪ್ಪ ಕಿರುಚಿದ್ದು ಇವತ್ತಿಗೂ ಕಿವೀಲಿದೆ. ಏನೂ ಆಗ್ಲಿಲ್ಲ, ಆದ್ರೆ ಆ ಹುಡುಗನಿಗೆ ಯಾರೂ ಇದನ್ನ ಕೂರ್ಸಿ ಹೇಳಿಕೊಟ್ಟಿರ್ಲಿಲ್ಲ, ಅದು ನಮ್ಮ ತಪ್ಪು, ಅದಕ್ಕೇ ಬರೀತಿದೀನಿ.

ತೋಟೆ ಬರ್ತಿಲ್ಲ ಅಂತ ಗೊತ್ತಾದ ಕ್ಷಣ ಮೊದಲು ಟ್ರಿಗರಿಂದ ಬೆರಳು ತೆಗೀರಿ, ನಳಿಗೆ ಎಲ್ಲಿ ನೋಡ್ತಿದೆ ನೋಡ್ಕೊಳ್ಳಿ. ಮನೆ ಹಿಂದೆ ಬರೆ, ಅಂದ್ರೆ ಗುಡ್ಡ ಕಡಿದಾಗ ಉಳಿಯೋ ಮಣ್ಣಿನ ಗೋಡೆ, ಇದ್ದೇ ಇರುತ್ತಲ್ಲ, ಕಲ್ಲಿಲ್ಲದ ಮೆತ್ತನೆ ಮಣ್ಣಿನ ಬರೆ, ಅದ್ರ ಕಡೆ ತಿರುಗ್ಸಿ. ಆಕಾಶಕ್ಕೆ ಬೇಡ, ಸಿಮೆಂಟ್ ಅಂಗಳಕ್ಕೆ ಬೇಡ, ಮನೆ ಒಳಗಂತೂ ಬೇಡ್ವೇ ಬೇಡ. .22 ಚಿಕ್ಕದು ಅಂತ ಅಸಡ್ಡೆ ಮಾಡೋರಿಗೆ ಹೇಳ್ತೀನಿ, ಅದ್ರ ಗುಂಡು ಒಂದೂವರೆ ಮೈಲಿ ಅಂದ್ರೆ ಸುಮಾರು 2.4 ಕಿಲೋಮೀಟರ್ ಹೋಗುತ್ತೆ, .315 ಅನ್ನೋ ದೊಡ್ಡ ರೈಫಲಿಂದು ಇನ್ನೂ ದೂರ. ಸುತ್ತ ಇರೋರನ್ನ, ಮಕ್ಕಳು ನಾಯಿ ಎಲ್ಲಾನೂ, ನಿಮ್ಮ ಹಿಂದಕ್ಕೆ ಕಳ್ಸಿ. ಕನ್ನಡಕ ಇದ್ರೆ ಹಾಕ್ಕೊಳ್ಳಿ, ಕಿವಿಗೂ ಏನಾದ್ರೂ ಇರ್ಲಿ.

ಈಗ ಒಂದು ವಿಷಯ ನೆನಪು ಮಾಡ್ಕೊಳ್ಳಿ, ಟ್ರಿಗರ್ ಎಳೆದಿದ್ರಾ ಇಲ್ವಾ? ಎಳೆದು ಟಿಕ್ ಅಂದು ಈಡು ಹಾರದೇ ಇದ್ರೆ ಆ ತೋಟೆ ತಡವಾಗಿ ಹೊತ್ಕೊಳ್ಳೋ ಸಾಧ್ಯತೆ ಇದೆ. ಬೋಲ್ಟ್ ಮುಟ್ಟದೇ ನಳಿಗೆ ಬರೆ ಕಡೆನೇ ಇಟ್ಟು ಪೂರ್ತಿ ಒಂದು ನಿಮಿಷ ಕಾಯಿರಿ, ವಾಚ್ ನೋಡಿ ಕಾಯಿರಿ, ಯಾಕಂದ್ರೆ ಮನಸಲ್ಲಿ ಎಣಿಸೋ ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೇ ಮುಗಿಯುತ್ತೆ. ತುಂಬಾ ಈಡು ಹೊಡೆದು ನಳಿಗೆ ಕೈಸುಡೋ ಹಾಗಿದ್ರೆ ಬಿಸಿಗೇ ಮದ್ದು ಹೊತ್ಕೊಳ್ಬಹುದು, ಅದು ಪೂರ್ತಿ ತಣಿಯೋವರೆಗೂ ದೂರ ಇರಿ.

ಆಮೇಲೆ ಮ್ಯಾಗಜಿನ್ ಬಿಚ್ಚಿ. ಬೋಲ್ಟೇ ಏಳ್ತಿಲ್ಲ ಅಂದ್ರೆ ಸೇಫ್ಟಿ ನೋಡಿ, ಕೆಲವು ರೈಫಲ್‌ಗಳಲ್ಲಿ ಸೇಫ್ಟಿ ಹಾಕಿದ್ರೆ ಬೋಲ್ಟ್ ಲಾಕ್ ಆಗಿರುತ್ತೆ, ತೆಗೆದ್ರೆ ಏಳುತ್ತೆ, ಆದ್ರೆ ಆಗ ಬೆರಳು ಟ್ರಿಗರ್ ಹತ್ರಾನೂ ಸುಳೀಬಾರ್ದು. ಅಂಗೈಯಿಂದ ಗಟ್ಟಿಯಾಗಿ ಒಂದೇ ಸಮ ಒತ್ತಿ ಎತ್ತಿ, ಸುತ್ತಿಗೆ, ಮರದ ತುಂಡು, ಕಲ್ಲು ಯಾವುದೂ ಬೇಡ. ಮುಖ ಬೋಲ್ಟ್ ಹಿಂದೆ ನೇರಕ್ಕೆ ಇಡ್ಬೇಡಿ, ತೋಟೆ ಹೊರಗೆ ಬೀಳೋ ಕಿಂಡಿ ಮೇಲೆ ಅಂಗೈ ಮುಚ್ಚಿ ಹಿಡಿಯೋ ಅಭ್ಯಾಸ ಕೆಲವ್ರಿಗಿದೆ, ಅದೂ ಬೇಡ, ಒಳಗೆ ಏನಕ್ಕಾದ್ರೂ ತಾಗಿ ಕೇಪು (ಪೆಟ್ಟು ಬಿದ್ರೆ ಮದ್ದಿಗೆ ಕಿಡಿ ಕೊಡೋ ಭಾಗ) ಹೊತ್ಕೊಂಡ್ರೆ ಹಿತ್ತಾಳೆ ಚೂರು ಸೀದಾ ಅಂಗೈಗೇ.

ಬೋಲ್ಟ್ ಬಂದು ತೋಟೆ ಒಳಗೇ ಉಳಿದ್ರೆ ತೋಟೆ ಹಿಡಿದು ಎಳೆಯೋ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಅದ್ರ ಅಂಚಿಂದ ಜಾರಿದೆ ಅಂತ ಅರ್ಥ. ಇದು ಭಯ ಪಡೋ ಸ್ಥಿತಿ ಅಲ್ಲ, ತೋಟೆ ಹಿಂದೆ ಈಗ ಅದಕ್ಕೆ ಹೊಡೆಯೋ ಪಿನ್ ಇಲ್ಲ. ತೋಟೆ ಪೂರ್ತಿ ಒಳಗೆ ಕೂತಿದೆಯಾ ಹಿಂದಿನಿಂದ ನೋಡಿ, ಕೂತಿದ್ರೆ ಬೋಲ್ಟನ್ನ ಮೆಲ್ಲಗೆ ಮುಂದೆ ತಂದು ಕೊಕ್ಕೆ ಮತ್ತೆ ಹಿಡಿಯೋಕೆ ಬಿಟ್ಟು ಒಂದು ಸಲ ಎಳೆದು ನೋಡ್ಬಹುದು. ಅರ್ಧಕ್ಕೆ ನಿಂತಿದ್ರೆ ಬೋಲ್ಟಿಂದ ತಳ್ಳೋದು ಬೇಡ, ಆ ಒತ್ತಡ ಕೇಪಿನ ಮೇಲೇ ಬೀಳೋದು. ಬರ್ಲಿಲ್ವಾ, ನಳಿಗೆ ಬರೆ ಬುಡದ ಕಡೆ ಸ್ವಲ್ಪ ಇಳಿಜಾರಾಗಿ ಇಟ್ಟು ತೋಟೆ ಅಂಚಿಗೆ ಎರಡು ಹನಿ ಕೋವಿ ಎಣ್ಣೆ ಬಿಟ್ಟು ಕಾಲು ಗಂಟೆ ಕಾದು ಇನ್ನೊಂದೇ ಸಲ ಪ್ರಯತ್ನ ಮಾಡಿ. ಎಣ್ಣೆ ಬಿಟ್ರೆ ತೋಟೆ ಸತ್ತೋಗುತ್ತೆ ಅಂತ ಹೇಳೋರಿದಾರೆ, ಅದನ್ನ ನಂಬಿ ಕೂರೋ ಹಾಗಿಲ್ಲ, ಜೀವಂತ ಅಂತಲೇ ಲೆಕ್ಕ.

ಅಷ್ಟಕ್ಕೂ ಬರ್ಲಿಲ್ಲ ಅಂದ್ರೆ ನಿಮ್ಮ ಕೆಲಸ ಮುಗೀತು. ಮುಂದಿನಿಂದ ಕ್ಲೀನಿಂಗ್ ರಾಡ್ ಹಾಕಿ ತಳ್ಳೋದು ಇದೆಯಲ್ಲ, ಗುಂಡು ಹಾರಿದ ಮೇಲೆ ಉಳಿಯೋ ಖಾಲಿ ಹಿತ್ತಾಳೆ ಕೇಸ್ ಹಾಗೆ ತೆಗೆದದ್ದನ್ನ ನೋಡಿ ಜನ ಇದಕ್ಕೂ ಅದೇ ಮಾಡೋಕೆ ಹೋಗ್ತಾರೆ, ದಯವಿಟ್ಟು ಬೇಡ, ನಿಮ್ಮ ಕೈ ಗುಂಡಿನ ದಾರೀಲೇ ಇರುತ್ತೆ, ಹಾರಿದ್ರೆ ರಾಡ್ ಸಮೇತ ಬರುತ್ತೆ. ಸ್ಕ್ರೂಡ್ರೈವರಿಂದ ಅಂಚು ಮೀಟೋದೂ ಬೇಡ. .22 ತೋಟೆಗೆ ಮಧ್ಯದಲ್ಲಿ ಬೇರೆ ಕೇಪು ಇಲ್ಲ, ಹೊತ್ಕೊಳ್ಳೋ ಮದ್ದು ಇರೋದೇ ಆ ಅಂಚಿನ ಒಳಗೆ, ಮೀಟಿದ್ರೆ ಪಿನ್ ಮಾಡೋ ಕೆಲಸ ನೀವೇ ಮಾಡಿದ ಹಾಗೆ. ಬಟ್ ನೆಲಕ್ಕೆ ಕುಟ್ಟೋದು, ಬಿಸಿ ಮಾಡೋದು ಕೂಡ ಬೇಡ.

ಬೋಲ್ಟ್ ಪೂರ್ತಿ ಕಳಚಿ ಬೇರೆ ಇಟ್ಟು, ಕೋವಿಯನ್ನ ಅದೇ ದಿಕ್ಕಿಗೆ ಇಟ್ಟು, ಜೊತೆಗೆ ಯಾರಾದ್ರೂ ದೊಡ್ಡವರನ್ನ ನಿಲ್ಲಿಸಿ, ಲೈಸೆನ್ಸ್ ಇರೋ ಕೋವಿ ರಿಪೇರಿಯವ್ರಿಗೆ ಫೋನ್ ಮಾಡಿ. ಅವ್ರೇ ಮನೆಗೆ ಬರ್ತಾರಾ ಕೇಳಿ, ಒಳಗೆ ತೋಟೆ ಇರೋ ಕೋವಿ ಜೀಪಲ್ಲಿ ಹಾಕ್ಕೊಂಡು ಪೇಟೆಗೆ ಹೋಗ್ಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನಿನವ್ರಿಗೂ) 2029 ಅಕ್ಟೋಬರ್‌ವರೆಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ವಿನಾಯ್ತಿ ಇದೆ ನಿಜ, ಹಾಗಂತ ಊರಿನ ಗ್ಯಾರೇಜಿನವನು ಕೋವಿ ರಿಪೇರಿ ಮಾಡೋ ಹಾಗಿಲ್ಲ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅದಕ್ಕೆ ಬೇರೆ ಲೈಸೆನ್ಸೇ ಬೇಕು.

ತೋಟೆ ಬಂತು ಅಂದ್ಕೊಳ್ಳಿ. ತುದೀಲಿ ಗುಂಡು ಇದೆಯಾ ಮೊದಲು ನೋಡಿ. ಎಷ್ಟೋ ಸಲ ಗುಂಡು ನಳಿಗೇಲೇ ಕಚ್ಚಿಕೊಂಡು ಕೇಸ್ ಮಾತ್ರ ಬರುತ್ತೆ, ಮದ್ದಿನ ಕಾಳು ಚೆಲ್ಲಿರುತ್ತೆ. ಅದನ್ನ ಗಮನಿಸದೇ ಇನ್ನೊಂದು ತೋಟೆ ಹಾಕಿ ಹೊಡೆದ್ರೆ ನಳಿಗೆ ಸಿಡಿಯಬಹುದು. ಹಾಗಾಗಿದ್ರೆ ಅಲ್ಲಿಗೇ ನಿಲ್ಲಿಸಿ ರಿಪೇರಿಯವ್ರಿಗೆ ಕೊಡಿ. ಗುಂಡು ಇದ್ರೂ ಬೋಲ್ಟ್ ಕಳಚಿ ಹಿಂದಿನಿಂದ ನಳಿಗೆ ಆರ್‌ಪಾರ್ ಕಾಣುತ್ತಾ ನೋಡಿ, ಬಿಟ್ಟ ಎಣ್ಣೆ ಒಣ ಬಟ್ಟೇಲಿ ಪೂರ್ತಿ ಒರೆಸಿ, ಎಣ್ಣೆ ಉಳಿದ್ರೆ ಮುಂದಿನ ಈಡಲ್ಲಿ ಬೋಲ್ಟ್ ಮೇಲೆ ಹೊಡೆತ ಜಾಸ್ತಿ. ಆ ತೋಟೆ ಮತ್ತೆ ಹಾಕ್ಬೇಡಿ. ಒಲೆಗೆ, ಹೊಳೆಗೆ, ಕಸಕ್ಕೆ ಎಸೀಬೇಡಿ, ಬೇರೆ ಇಟ್ಟು ಡೀಲರ್ ಅಥವಾ ಠಾಣೆಗೆ ಕೇಳಿ ಒಪ್ಪಿಸಿ.

ನಮ್ಮ ಕಡೆ ಸಿಕ್ಕಾಕ್ಕೊಳ್ಳೋಕೆ ಮುಖ್ಯ ಕಾರಣ ಮಳೆನೇ. ಕೋವಿ ವರ್ಷಕ್ಕೆ ಎರಡು ಮೂರು ಸಲ ಹೊರಗೆ ಬರೋದು, ತೋಟೆ ಅದೇ ಹಳೇ ಚರ್ಮದ ಬೆಲ್ಟಲ್ಲಿ ಮೂರು ಮಳೆಗಾಲ ಕಳೆದಿರುತ್ತೆ. ಚರ್ಮ ತಾಗಿದ ಕಡೆ ಹಿತ್ತಾಳೆ ಮೇಲೆ ಹಸಿರು ಕಿಲುಬು ಕಟ್ಟುತ್ತೆ, ಉಗುರಲ್ಲಿ ಕೆರೆದ್ರೆ ಪುಡಿ ಪುಡಿ ಬರುತ್ತೆ, ಆ ತೋಟೆ ಸಲೀಸಾಗಿ ಒಳಗೆ ಹೋಗಲ್ಲ, ಹೋದ್ರೂ ವಾಪಸ್ ಬರಲ್ಲ. 12 ಬೋರ್ ಕೋವಿಯ (ಚರೆ ಹಾರಿಸೋ ಶಾಟ್‌ಗನ್) ಹಳೇ ಕಾಗದದ ತೋಟೆ ಥಂಡಿಗೆ ಊದಿ ಇದೇ ಕಥೆ. ಬೆಲ್ಟಿಂದ ತೆಗೆದು ಗಾಳಿಯಾಡದ ಡಬ್ಬೀಲಿ ಬೀಗ ಹಾಕಿ ಇಡಿ, ಹಬ್ಬಕ್ಕೆ ಒಂದು ವಾರ ಮುಂಚೆ ಒಂದೊಂದನ್ನೂ ಬೆಳಕಲ್ಲಿ ತಿರುಗ್ಸಿ ನೋಡಿ, ಹಸಿರು ಕಂಡದ್ದನ್ನ ಅವತ್ತೇ ಬೇರೆ ಇಡಿ.