ಬೆಲ್ಜಿಯಂನ ಬಂಚಿನಲ್ಲಿ ಜಾಗ ಹಿಡಿಯುವುದು

ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕಲ್ ರೇಸಿಂಗ್ ಕಲಿಯುವುದು ನೆಟ್ಟಗಿನ ರಸ್ತೆಯಲ್ಲಿ, ಎದುರುಗಾಳಿಗೆ ತಲೆ ಬಗ್ಗಿಸಿ. ಕ್ರೀಡಾ ನಿಲಯದಲ್ಲಿ ನನ್ನ ತಯಾರಿಯೂ ಬಹುಪಾಲು ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್‌ಗೇ ಆಗಿತ್ತು. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ಇದ್ದರೂ ಬಂಚ್ (ಸವಾರರ ಗುಂಪು) ಬೇಗ ಒಡೆದು, ಬಲವಿದ್ದ ನಾಲ್ಕೈದು ಮಂದಿ ಮುಂದೆ ಉಳಿಯುತ್ತಿದ್ದರು. ಹೀಗೆ ಬೆಳೆದವನು ಒಂದು ಬೇಸಿಗೆ ಬೆಲ್ಜಿಯಂನ ಫ್ಲಾಂಡರ್ಸ್‌ಗೆ ಹೋದೆ. ಕಾಲಲ್ಲಿ ಕಸುವಿತ್ತು. ನೂರಕ್ಕೂ ಹೆಚ್ಚು ಜನರ ನಡುವೆ, ಮೊಣಕೈಗೆ ಮೊಣಕೈ ತಾಗುತ್ತಿರುವಾಗ, ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುವ ಅಭ್ಯಾಸ ಮಾತ್ರ ಇರಲಿಲ್ಲ.

ಅಲ್ಲಿ ಕಲಿಯುವ ಜಾಗವೆಂದರೆ ಕೆರ್ಮೆಸ್ ರೇಸುಗಳು. ಊರ ಜಾತ್ರೆಯ ಹೊತ್ತಿಗೆ ನಡೆಯುತ್ತವೆ. ಯಾವುದೋ ಕೆಫೆಯೊಳಗೆ ಹೆಸರು ಬರೆಸಿ, ಡಿಪಾಸಿಟ್ ಇಟ್ಟು ನಂಬರ್ ತೆಗೆದುಕೊಳ್ಳಬೇಕು. ಪಕ್ಕದ ಮೇಜಿನಲ್ಲಿ ಅಜ್ಜಂದಿರು ಬಿಯರ್ ಕುಡಿಯುತ್ತ ನಮ್ಮ ಕಾಲು ಅಳೆಯುತ್ತಿರುತ್ತಾರೆ. ಊರ ಸುತ್ತ ಏಳೆಂಟು ಕಿ.ಮೀ. ಸುತ್ತು, ಒಟ್ಟು ನೂರು ಕಿ.ಮೀ. ದಾಟುತ್ತದೆ. ಕಿರಿದಾದ ಹೊಲದ ರಸ್ತೆ, ತಿರುವಿನ ಮೇಲೆ ತಿರುವು, ಹಂಪ್, ನಡುರಸ್ತೆಯ ಡಿವೈಡರ್. ಬಹುಮಾನ ಇಪ್ಪತ್ತನೇ ಸ್ಥಾನದ ಆಚೆಗೂ ಸಿಗುವುದುಂಟು. ಆದ್ದರಿಂದ ಯಾರೂ ಸುಮ್ಮನೆ ಜಾಗ ಬಿಟ್ಟುಕೊಡುವುದಿಲ್ಲ.

ಬಂಚಿನೊಳಗೆ ಗಾಳಿ ತಾಗುವುದಿಲ್ಲ, ಹಿಂದೆ ಕೂತರೆ ಆರಾಮ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಅದು ಸುಳ್ಳೇನಲ್ಲ. 2018ರಲ್ಲಿ ಗಾಳಿಯ ತಡೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಬರ್ಟ್ ಬ್ಲೋಕನ್ ಅವರ ತಂಡ 121 ಸವಾರರ ಪೆಲೊಟಾನನ್ನು, ಅಂದರೆ ದೊಡ್ಡ ಬಂಚನ್ನು, ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಪರೀಕ್ಷಿಸಿದಾಗ, ನಡುವಿನಿಂದ ಹಿಂದಕ್ಕೆ ಇರುವವರಿಗೆ ಗಾಳಿಯ ತಡೆ ಒಂಟಿ ಸವಾರನಿಗೆ ಇರುವುದರ ಶೇ 5ರಿಂದ 10ರಷ್ಟಕ್ಕೆ ಇಳಿಯಿತು. ಆದರೆ ಗಾಳಿಸುರಂಗದಲ್ಲಿ ತಿರುವುಗಳಿಲ್ಲವಲ್ಲ! ರಸ್ತೆಯ ಮೇಲೆ ಮೊದಲ ಹತ್ತು ಜನ ಬ್ರೇಕ್ ಮುಟ್ಟದೆ ತಿರುಗಿಬಿಡುತ್ತಾರೆ. ನೂರನೆಯವನು ಹೆಚ್ಚುಕಡಿಮೆ ನಿಂತು, ಮತ್ತೆ ಎದ್ದು ಸ್ಪ್ರಿಂಟ್ ಹೊಡೆಯಬೇಕು. ಪ್ರತಿ ತಿರುವಿನಲ್ಲೂ ಇದೇ ಪಾಡು. ರೇಸಿನ ಕೊನೆಯಲ್ಲಿ ನನ್ನ ತೊಡೆ ಉರಿಯುತ್ತಿತ್ತು, ಮುಂದೆ ಇದ್ದವರು ನಗುನಗುತ್ತ ಮಾತಾಡುತ್ತಿದ್ದರು.

ಊರಿನ ಕೋಚ್‌ಗೆ ಫೋನ್ ಮಾಡಿದೆ. “ಸರ, ಇಲ್ಲಿ ಕಾಲಿಗಿಂತ ಮೊಳಕೈಗೆ ಭಾಳ ಕೆಲಸ ಐತ್ರಿ” ಎಂದೆ. “ಕಾಲ್ ಇರ್ಲಿ ತಮ್ಮಾ, ಮೊದ್ಲ ಮುಂದ ಕುಂಡ್ರೋದು ಕಲಿ” ಅಂದರು.

ಮುಂದೆ ಹೋಗುವುದು ಕಷ್ಟವಲ್ಲ, ಅಲ್ಲಿ ಉಳಿಯುವುದು ಕಷ್ಟ. ಬಂಚ್ ಕುದಿಯುವ ಅನ್ನದ ಹಾಗೆ ಸದಾ ಮೇಲೆ ಕೆಳಗೆ ಆಗುತ್ತಿರುತ್ತದೆ. ಎರಡೂ ಬದಿಯಿಂದ ಜನ ಏರಿ ಬರುತ್ತಾರೆ, ನಡುವೆ ಸಿಕ್ಕವನು ಏನೂ ಮಾಡದೆಯೇ ಹಿಂದೆ ಸರಿಯುತ್ತಾನೆ. ಹಾಗಾಗಿ ಒಂದೇ ಸಲ ಜೋರು ಹೊಡೆದು ಮುಂದೆ ಹೋಗುವುದನ್ನು ಬಿಟ್ಟೆ. ಮುಂದಿನವರು ವೇಗ ತಗ್ಗಿಸಿ ಬಂಚ್ ರಸ್ತೆಯಗಲಕ್ಕೆ ಹರಡಿಕೊಂಡಾಗ, ಬದಿಯಿಂದ ಏರುವ ಒಬ್ಬನ ಚಕ್ರ ಹಿಡಿದು, ಅಂದರೆ ಅವನ ಬೆನ್ನಿಗೇ ಅಂಟಿಕೊಂಡು, ಐದಾರು ಜಾಗ ಗಳಿಸುವುದು. ಸ್ವಲ್ಪ ಹೊತ್ತಿಗೆ ಮತ್ತೆ ಐದಾರು. ಎಲ್ಲರೂ ಒಂದೇ ಸಾಲಾಗಿ ಹರಿದಾಗ ಏರಲು ಹೋದರೆ ಶಕ್ತಿ ದಂಡ.

ಕೈಗಳು ಹ್ಯಾಂಡಲಿನ ಕೆಳಬಾಗಿನಲ್ಲಿದ್ದರೆ ಪಕ್ಕದವನ ಹ್ಯಾಂಡಲ್ ಸಿಕ್ಕಿಕೊಳ್ಳುವುದಿಲ್ಲ. ಮೊಣಕೈ ತುಸು ಮಡಚಿ ಹೊರಗಿರಲಿ. ಯಾರಾದರೂ ಒರಗಿದರೆ ದೂರ ಸರಿಯಬಾರದು, ನಾವೂ ಅಷ್ಟೇ ಒರಗಬೇಕು. ಆಗ ಇಬ್ಬರೂ ನೆಟ್ಟಗಿರುತ್ತೇವೆ. ಕಣ್ಣು ಎದುರಿನ ಚಕ್ರದ ಮೇಲಲ್ಲ, ಮೂರ್ನಾಲ್ಕು ಜನರ ಆಚೆ. ನಮ್ಮ ಮುಂದಿನ ಚಕ್ರ ಇನ್ನೊಬ್ಬನ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಿರಬಾರದು, ತಾಗಿದರೆ ಬೀಳುವವನು ಹಿಂದಿನವನೇ. ಇದನ್ನೆಲ್ಲ ನಾನು ರೂಢಿಸಿಕೊಂಡದ್ದು ರೇಸಿನಲ್ಲಲ್ಲ, ಹುಲ್ಲಿನ ಮೈದಾನದಲ್ಲಿ. ಇಬ್ಬರು ನಿಧಾನಕ್ಕೆ ಓಡಿಸುತ್ತ ಭುಜಕ್ಕೆ ಭುಜ ಗುದ್ದುವುದು, ನೆಲದ ಮೇಲಿನ ಬಾಟಲಿ ಬಗ್ಗಿ ಎತ್ತುವುದು, ಬೇಕಂತಲೇ ಚಕ್ರ ತಾಗಿಸುವುದು. ಬಿದ್ದರೆ ಹುಲ್ಲು. ಭಯ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಇನ್ನು ಅಡ್ಡಗಾಳಿ. ಸಮುದ್ರದ ಕಡೆಯ ಬಯಲಿನಲ್ಲಿ ಇದು ರೇಸನ್ನೇ ಕತ್ತರಿಸಿ ಹಾಕುತ್ತದೆ. 2015ರ ಗೆಂಟ್–ವೆವೆಲ್ಗೆಮ್ ರೇಸಿನಲ್ಲಿ ಗಾಳಿ ವೃತ್ತಿಪರ ಸವಾರ ಗೆರೈಂಟ್ ಥಾಮಸ್‌ರಂಥವರನ್ನೇ ರಸ್ತೆಯಿಂದ ಎತ್ತಿ ಹಾಕಿತ್ತು. ಗಾಳಿ ಬಲಗಡೆಯಿಂದ ಬಂದರೆ ಮುಂದಿನವರು ಓರೆಯಾಗಿ, ಒಬ್ಬರ ಎಡಹಿಂದೆ ಒಬ್ಬರು ನಿಲ್ಲುತ್ತಾರೆ. ರಸ್ತೆಯಗಲ ಮುಗಿದಲ್ಲಿ ಆಶ್ರಯವೂ ಮುಗಿಯಿತು. ಉಳಿದವರು ಎಡ ಅಂಚಿನಲ್ಲಿ ಒಂದೇ ಸಾಲಾಗಿ, ಗಾಳಿ ತಿನ್ನುತ್ತ ಹೋಗಬೇಕು. ಒಬ್ಬ ಸೋತರೆ ಅವನ ಹಿಂದಿನವರೆಲ್ಲ ಕಳಚಿಕೊಂಡಂತೆ. ಹಾಗಾಗಿ ವಾರ್ಮ್‌ಅಪ್‌ನಲ್ಲೇ ಒಂದು ಸುತ್ತು ಹಾಕಿ, ಯಾವ ತಿರುವಿನ ನಂತರ ಗಾಳಿ ಅಡ್ಡ ಬರುತ್ತದೆಂದು ಧ್ವಜ ನೋಡಿ, ಗೋವಿನಜೋಳದ ಗರಿ ನೋಡಿ ಗುರುತು ಮಾಡಿಕೊಳ್ಳುತ್ತಿದ್ದೆ. ಆ ತಿರುವಿಗೆ ಮೊದಲೇ ಮೊದಲ ಹದಿನೈದರಲ್ಲಿರಬೇಕು. ತಪ್ಪಿದರೆ ಅಂಚಿಗೆ ಜೋತು ಬೀಳುವ ಬದಲು ನಾಲ್ಕು ಜನರನ್ನು ಕರೆದು ಎರಡನೆಯ ಓರೆಸಾಲು ಕಟ್ಟುವುದೇ ವಾಸಿ. ಅದರಲ್ಲಿ ಮುಂದೆ ಗಾಳಿ ಸೀಳುವ ತನ್ನ ಪಾಳಿ ಮುಗಿದವನು ಗಾಳಿ ಬರುವ ಕಡೆಗೇ ಸರಿಯಬೇಕು. ಅತ್ತ ಬಿಟ್ಟು ಇತ್ತ ಸರಿದರೆ ಯಾವ ಭಾಷೆಯಲ್ಲಿ ಬೈಗುಳ ಬಿತ್ತೆಂದು ಕೇಳಬೇಕಾಗಿಯೇ ಇಲ್ಲ.

ಕಲ್ಲುಹಾಸಿನ ಏರುಗಳಲ್ಲೂ ಇದೇ ಲೆಕ್ಕ. ಫ್ಲಾಂಡರ್ಸ್‌ನ ಕೊಪ್ಪನ್‌ಬರ್ಗ್ ಗುಡ್ಡದ ಕಡಿದಾದ ಭಾಗ ಶೇ 22ರಷ್ಟು ಏರು. ಮುಂದೆ ಒಬ್ಬ ಕಾಲು ಊರಿದರೆ ಹಿಂದಿನವರೆಲ್ಲ ಇಳಿದು ಸೈಕಲ್ ತಳ್ಳಬೇಕು. ಹೀಗಾಗಿ ನಿಜವಾದ ಜಗಳ ನಡೆಯುವುದು ಏರಿನಲ್ಲಲ್ಲ, ಅದಕ್ಕೂ ಎರಡು ಕಿ.ಮೀ. ಮೊದಲಿನ ಸಪಾಟು ರಸ್ತೆಯಲ್ಲಿ.

ಈಗ ರಜೆಗೆ ಊರಿಗೆ ಹೋದಾಗ ನಿಲಯದ ಹುಡುಗರಿಗೆ ಇಂಟರ್ವಲ್ (ಜೋರಾಗಿ, ಆಮೇಲೆ ನಿಧಾನವಾಗಿ ತುಳಿಯುವ ತಾಲೀಮು) ಹೇಳಿಕೊಡುವುದಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೈದಾನದಲ್ಲಿ ಚಿಕ್ಕ ಚೌಕ ಹಾಕಿ ಹತ್ತು ಹುಡುಗರನ್ನು ಒಳಗೆ ಬಿಡುತ್ತೇನೆ. ಗೆರೆ ದಾಟಿದವನು, ಕಾಲು ಊರಿದವನು ಔಟು. ಕಡಿಮೆಯಾದಂತೆ ಚೌಕವನ್ನೂ ಕಿರಿದು ಮಾಡುವುದು. ಹೆಲ್ಮೆಟ್ ಬೇಕೇ ಬೇಕು. ಹೆದ್ದಾರಿಯಲ್ಲಂತೂ ಇದನ್ನು ಆಡಲೇಬೇಡಿ, ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಬರುತ್ತಿರುತ್ತವೆ.