90 ಸಾವಿರ ತೂಕದ ಚೀಟಿ ಮತ್ತು ಒಂದು ಟ್ರಿಗರ್

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಲೆಕ್ಕದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತಿದ್ದೆ. ಹಂಗಾಮಿನ ನಡುವೆ ಕಬ್ಬಿನ ದರ ಏರಿ, ಅದಾಗಲೇ ನುರಿಸಿದ ಕಬ್ಬಿಗೂ ಹೊಸ ದರವೇ ಅನ್ವಯವೆಂದು ತೀರ್ಮಾನವಾದಾಗ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದ್ದ ಸುಮಾರು 90 ಸಾವಿರ ತೂಕದ ಚೀಟಿಗಳ ಮೊತ್ತವನ್ನು ತಿದ್ದಬೇಕಾಯಿತು. ಬರೆದದ್ದು ಒಂದೇ ಅಪ್‌ಡೇಟ್ (ಸಾಲುಗಳನ್ನು ತಿದ್ದುವ) ಆದೇಶ. ಅರ್ಧ ಗಂಟೆ ಕಾದರೂ ಮುಗಿಯದೆ ನಿಲ್ಲಿಸಿದೆ.

ಕಾರಣ ಚೀಟಿಗಳ ಟೇಬಲ್ಲಿನ ಟ್ರಿಗರ್, ಅಂದರೆ ಸಾಲು ಬದಲಾದಾಗ ತಾನಾಗಿಯೇ ಓಡುವ ಕೋಡ್. ಒಂದೊಂದು ಚೀಟಿ ಬದಲಾದಾಗಲೂ ಅದು ಆ ರೈತನ ಎಲ್ಲ ಚೀಟಿಗಳನ್ನು ಮತ್ತೆ ಕೂಡಿಸಿ, ಖಾತೆಯ ಬಾಕಿಯನ್ನು ಹೊಸದಾಗಿ ಬರೆಯುತ್ತಿತ್ತು. 40 ಚೀಟಿಗಳಿರುವ ರೈತನ ಖಾತೆ 40 ಬಾರಿ ತಿದ್ದಲ್ಪಡುತ್ತಿತ್ತು. ಪೋಸ್ಟ್‌ಗ್ರೆಸ್ ಪ್ರತಿ ತಿದ್ದುಪಡಿಗೂ ಸಾಲಿನ ಹೊಸ ಪ್ರತಿಯನ್ನು ಮಾಡುವುದರಿಂದ, 40 ಹಳೆಯ ಪ್ರತಿಗಳು ನಿರುಪಯುಕ್ತವಾಗಿ ಉಳಿಯುತ್ತಿದ್ದವು.

ಮೊದಲು ನಾನು ಮಾಡಿದ್ದು ತಪ್ಪು. ಟ್ರಿಗರ್ ಅನ್ನು ಡಿಸೇಬಲ್ ಮಾಡಿ (ನಿಲ್ಲಿಸಿ), ಕಮಿಟ್ ಕೊಟ್ಟು ಆ ಬದಲಾವಣೆಯನ್ನು ಕಾಯಂ ಮಾಡಿ, ಚೀಟಿಗಳನ್ನು ತಿದ್ದಿ, ಬಾಕಿಗಳನ್ನು ಒಟ್ಟಾಗಿ ಬರೆದು, ಬಳಿಕ ಎನೇಬಲ್ ಮಾಡಿದೆ. ಆದರೆ ಡಿಸೇಬಲ್ ಎಂಬುದು ನನ್ನ ಸೆಷನ್ನಿಗಷ್ಟೇ (ಡೇಟಾಬೇಸ್‌ಗೆ ನನ್ನ ಸಂಪರ್ಕಕ್ಕಷ್ಟೇ) ಅಲ್ಲ, ಎಲ್ಲರಿಗೂ ಅನ್ವಯಿಸುತ್ತದೆ. ಆ ಹೊತ್ತಿನಲ್ಲಿ ಕಾಟಾದಿಂದ (ತೂಕದ ಸೇತುವೆಯಿಂದ) ಬಂದ ಚೀಟಿಗಳಲ್ಲಿ ಕೆಲವು ಯಾವ ಖಾತೆಗೂ ಸೇರಲಿಲ್ಲ. ಚೀಟಿಗಳ ಮೊತ್ತವನ್ನೂ ಬಾಕಿಯನ್ನೂ ತಾಳೆ ನೋಡಿ ಅವುಗಳನ್ನು ಹುಡುಕುವುದರಲ್ಲಿಯೇ ಆ ಸಂಜೆ ಕಳೆಯಿತು. ಸೆಷನ್ ರೆಪ್ಲಿಕೇಷನ್ ರೋಲ್ ಎಂಬ ಸೆಟ್ಟಿಂಗ್ ಅನ್ನು ರೆಪ್ಲಿಕಾ ಎಂದು ಬದಲಿಸಿ ಟ್ರಿಗರ್ ನಿಲ್ಲಿಸಿದ್ದರೆ ಪರಿಣಾಮ ನನ್ನ ಸೆಷನ್ನಿಗಷ್ಟೇ ಸೀಮಿತವಾಗುತ್ತಿತ್ತು, ನಿಜ; ಆದರೆ ಅದು ಫಾರಿನ್ ಕೀ ಪರಿಶೀಲನೆಯನ್ನೂ (ಒಂದು ಟೇಬಲ್ಲಿನ ಸಾಲು ಸೂಚಿಸುವ ಸಾಲು ಇನ್ನೊಂದು ಟೇಬಲ್ಲಿನಲ್ಲಿ ಇದೆಯೇ ಎಂಬ ತಪಾಸಣೆಯನ್ನೂ) ಸದ್ದಿಲ್ಲದೆ ನಿಲ್ಲಿಸುತ್ತದೆ. ರೈತರ ಹಣದ ಲೆಕ್ಕದಲ್ಲಿ ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಮುಂದಿನ ಬಾರಿ ದರ ಬದಲಾಗುವ ಮೊದಲೇ ಟ್ರಿಗರ್‌ಗೆ, ಅದು ಯಾವಾಗ ಓಡಬೇಕೆಂದು ಹೇಳುವ ವೆನ್ ಷರತ್ತೊಂದನ್ನು ಸೇರಿಸಿದೆ: ನಾನೇ ಹೆಸರಿಟ್ಟ ಒಂದು ಸೆಟ್ಟಿಂಗ್ ‘ಆನ್’ ಆಗಿದ್ದರೆ ಟ್ರಿಗರ್ ಓಡಬಾರದು. ಅದನ್ನು ಸೆಟ್ ಲೋಕಲ್ ಆದೇಶದ ಮೂಲಕ ಕೊಟ್ಟರೆ ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಆದೇಶಗಳ ಗುಂಪು) ಮುಗಿದೊಡನೆ ತಾನಾಗಿಯೇ ಅಳಿಯುತ್ತದೆ. ಮರೆತು ಬಿಟ್ಟುಹೋಗುವ ಭಯವಿಲ್ಲ. ಅದೇ ಟ್ರಾನ್ಸಾಕ್ಷನ್ನಿನ ಆರಂಭದಲ್ಲಿ ಚೀಟಿಗಳ ಟೇಬಲ್ಲಿಗೆ ಶೇರ್ ರೋ ಎಕ್ಸ್‌ಕ್ಲೂಸಿವ್ ಲಾಕ್ ಹಾಕಿದೆ. ಇದರಿಂದ ಓದುವವರಿಗೆ ಅಡ್ಡಿಯಿಲ್ಲ, ಬರೆಯುವವರು ಮಾತ್ರ ಕಾಯುತ್ತಾರೆ. ಚೀಟಿಗಳನ್ನು ತಿದ್ದಿದ ಮೇಲೆ ಗ್ರೂಪ್ ಬೈ ಬಳಸಿ ರೈತವಾರು ಮೊತ್ತ ಕೂಡಿಸಿ, ಪ್ರತಿ ಖಾತೆಯನ್ನು ಒಂದೇ ಬಾರಿ ಬರೆದೆ. ತುಂಬಿದ ಟ್ರ್ಯಾಕ್ಟರ್ ಕಾಟಾ ಹತ್ತಿ ಇಳಿಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಆ ಹಂಗಾಮು ಕಳೆದ ಮೇಲೆ ಟ್ರಿಗರ್ ಅನ್ನೇ ಬದಲಿಸಿದೆ. ಪೋಸ್ಟ್‌ಗ್ರೆಸ್ 10ರಿಂದ ಆದೇಶಕ್ಕೊಮ್ಮೆ ಓಡುವ ಟ್ರಿಗರ್‌ಗೆ ಬದಲಾದ ಸಾಲುಗಳೆಲ್ಲ ಟ್ರಾನ್ಸಿಷನ್ ಟೇಬಲ್ ಎಂಬ ತಾತ್ಕಾಲಿಕ ಪಟ್ಟಿಯಾಗಿ ಸಿಗುತ್ತವೆ. ಆದ್ದರಿಂದ ಬಾಧಿತ ಖಾತೆಗಳನ್ನಷ್ಟೇ ಒಟ್ಟಿಗೆ ತಿದ್ದಬಹುದು. ಇನ್ಸರ್ಟ್ (ಸೇರಿಸು), ಅಪ್‌ಡೇಟ್, ಡಿಲೀಟ್ (ಅಳಿಸು) ಮೂರಕ್ಕೂ ಬೇರೆ ಬೇರೆ ಟ್ರಿಗರ್ ಬರೆಯಬೇಕಾಗುತ್ತದೆ ಎಂಬುದೊಂದು ಕಿರಿಕಿರಿ. ಟ್ರಿಗರ್ ತಡೆಯಲು ನಾನು ಹೆಸರಿಟ್ಟಿದ್ದ ಆ ಸೆಟ್ಟಿಂಗ್ ಅನ್ನು ಆಗಲೇ ತೆಗೆದುಹಾಕಿದೆ.