ಚಾಪ್‌ಸ್ಟಿಕ್‌ಗೆ ಉರುಶಿ ಹಿಡಿಸುವುದು: ಬಿಸಿಲು ಬೇಡ, ತೇವ ಬೇಕು

ಜಪಾನಿನ ಫುಕುಯಿ ಪ್ರಾಂತ್ಯದ ಒಬಾಮಾ ಊರು ಮೆರುಗಿನ ಚಾಪ್‌ಸ್ಟಿಕ್‌ಗೆ ಹೆಸರುವಾಸಿ. ಅಲ್ಲಿನ ವಾಕಾಸಾ-ನುರಿ ಕೆಲಸದಲ್ಲಿ ಮೊಟ್ಟೆಯ ಓಡು, ಚಿಪ್ಪಿನ ಚೂರು ಕೂರಿಸಿ, ಮೇಲೆ ಬಣ್ಣಬಣ್ಣದ ಉರುಶಿಯನ್ನು, ಅಂದರೆ ಸೊನೆಯ ಮೆರುಗನ್ನು, ಪದರ ಪದರವಾಗಿ ಬಳಿದು, ಕೊನೆಗೆ ಉಜ್ಜಿ ಉಜ್ಜಿ ಒಳಗಿನ ಚಿತ್ತಾರ ಹೊರತೆಗೆಯುತ್ತಾರೆ. ಹೊಸಬರು ಅದಕ್ಕೆ ಕೈ ಹಾಕಬೇಡಿ. ಬಳಿದು ಒರೆಸುವ ‘ಫುಕಿ-ಉರುಶಿ’ಯಿಂದ ಶುರು ಮಾಡಿ.

ಉರುಶಿ ಎಂದರೆ ಮರದ ಸೊನೆ. ಮಾವು, ಗೇರಿನ ಬಳಗದ್ದೇ ಮರ. ಹಸಿ ಸೊನೆ ತಾಗಿದರೆ ತುರಿಕೆ, ಬೊಕ್ಕೆ. ಮಾವಿನ ಸೊನೆಗೇ ತುಟಿ ಹುಣ್ಣಾಗುವವರು ಇದರ ತಂಟೆಗೆ ಹೋಗದಿರುವುದೇ ಲೇಸು. ಉಳಿದವರಿಗೂ ನೈಟ್ರೈಲ್ ಗ್ಲೌಸ್, ತುಂಬುತೋಳಿನ ಅಂಗಿ ಕಡ್ಡಾಯ. ಚರ್ಮಕ್ಕೆ ಅಂಟಿದರೆ ಮೊದಲು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು.

ಹೆಬ್ಬೆರಳು, ತೋರುಬೆರಳನ್ನು ಲಂಬಕೋನಕ್ಕೆ ಚಾಚಿ ತುದಿಯಿಂದ ತುದಿಗೆ ಅಳೆಯಿರಿ. ಅದರ ಒಂದೂವರೆ ಪಟ್ಟು ಕಡ್ಡಿಯ ಉದ್ದ: 15 ಸೆಂ.ಮೀ. ಬಂದರೆ 22.5. ಚೆರಿ, ಮೇಪಲ್‌ನಂಥ ಗಟ್ಟಿ ಮರ ಆಗುತ್ತದೆ. 240 ನಂಬರಿನ, ಆಮೇಲೆ ಇನ್ನೂ ನಯವಾದ 400ರ ಸ್ಯಾಂಡ್‌ಪೇಪರ್ ಹಾಕಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ನಾರು ಎದ್ದು ನಿಲ್ಲುತ್ತದೆ. ಒಣಗಿಸಿ 400ರಿಂದ ಮತ್ತೆ ತೀಡಿ.

ಒಂದು ಜೊತೆಗೆ ಕಡಲೆಕಾಳಿನಷ್ಟು ಹಸಿ ಉರುಶಿ ಸಾಕು. ಬಟ್ಟೆಯಲ್ಲಿ ತಿಕ್ಕಿ ಹಚ್ಚಿ, 5–10 ನಿಮಿಷ ಹೀರಲು ಬಿಟ್ಟು, ನೂಲೆಳೆ ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿ. ಕೆಲಸ ಕೆಡುವುದು ಇಲ್ಲೇ. ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಹೊಳಪಿನ ಗೆರೆ ಕಂಡರೆ ಅಲ್ಲಿ ಸೊನೆ ನಿಂತಿದೆ. ಹಾಗೇ ಬಿಟ್ಟರೆ ಒಳಗೆ ಹಸಿ ಇರುವಾಗಲೇ ಮೇಲ್ಮೈ ಗಟ್ಟಿಯಾಗಿ ಸುಕ್ಕುಗಟ್ಟುತ್ತದೆ.

ಇನ್ನು ‘ಒಣಗಿಸುವುದು’. ನೀರು ಆರಿ ಹೋದ ಹಾಗೆ ಉರುಶಿ ಒಣಗದು. ಗಾಳಿಯ ತೇವ, ಆಮ್ಲಜನಕ ಸಿಕ್ಕರೆ ಸೊನೆಯಲ್ಲಿರುವ ಲ್ಯಾಕೇಸ್ ಕಿಣ್ವ ಅದನ್ನು ಗಟ್ಟಿ ಮಾಡುತ್ತದೆ. ಮುಚ್ಚಳದ ಡಬ್ಬದ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ ಹಾಸಿ, ಕಡ್ಡಿಗಳು ಯಾವುದಕ್ಕೂ ತಾಗದ ಹಾಗೆ ನಿಲ್ಲಿಸಿ, 20–25 ಡಿಗ್ರಿ, ಶೇ. 70–80 ತೇವದಲ್ಲಿ ಒಂದು ದಿನ ಇಡಿ. ತೇವ ಸಾಲದಿದ್ದರೆ ವಾರ ಕಳೆದರೂ ಅಂಟಂಟು. ಬಿಸಿಲಿಗಿಟ್ಟರಂತೂ ಕೆಲಸ ಕೆಟ್ಟಂತೆಯೇ.

800ರ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ತೀಡಿ, ಹಚ್ಚಿ ಒರೆಸಿ ಡಬ್ಬದಲ್ಲಿಡುವ ಇದೇ ಕೆಲಸವನ್ನು 5–6 ಸಲ ಮಾಡಿ. ಕೊನೆಯ ಪದರಕ್ಕೆ ತೀಡುವುದು ಬೇಡ. ಬಾಯಿಗಿಡುವ ಮುನ್ನ ಮೂರು-ನಾಲ್ಕು ವಾರ ಬಿಡಿ.

ತೊಳೆಯಲು ಮೆತ್ತನೆ ಸ್ಪಂಜು. ನೆನೆಹಾಕುವುದು, ಡಿಶ್‌ವಾಶರ್ ಎರಡೂ ಬೇಡ. ಮೆರುಗು ಮೊದಲು ಸವೆಯುವುದು ತುದಿಯಲ್ಲಿ. ಆಗ 600ರಿಂದ ತೀಡಿ, ಅಷ್ಟಕ್ಕೇ ಎರಡು ಸಲ ಉರುಶಿ ಹಚ್ಚಿ ಒರೆಸಿದರೆ ಆಯಿತು.